ಅಕ್ಕಾದೇವಿಗೊಬ್ಬ ನಾಯಕ ಬೇಕೆ?

ಐತಿಹಾಸಿಕ ಪ್ರೇಮಕಾದಂಬರಿ ಓದಿ ಮುಗಿಸಿದವರು ಮೊದಲು ಕೇಳುವುದು, ಇದೆಲ್ಲ ನಿಜವಾಗಿ ನಡೆದದ್ದೇ ಎಂದು. ವಿಮರ್ಶಕ ಒಂದು ಹೆಜ್ಜೆ ಮುಂದೆ ಹೋಗಬೇಕು. ದಾಖಲೆ ಸುಮ್ಮನಾದ ಕಡೆ ಲೇಖಕ ಏನನ್ನು ತುಂಬಿದ? ಯಾಕೆ ತುಂಬಿದ?

 

ಅಕ್ಕಾದೇವಿಯನ್ನೇ ನೋಡಿ. ರೋಣ, ಗಜೇಂದ್ರಗಡದ ಕಡೆಯವರಿಗೆ ಸೂಡಿ ಗೊತ್ತು. ಹನ್ನೊಂದನೆಯ ಶತಮಾನದಲ್ಲಿ ಕಿಸುಕಾಡು ನಾಡನ್ನು ಆಳಿದ ಚಾಲುಕ್ಯರ ಅಕ್ಕಾದೇವಿಯ ಊರು. ಗೋಕಾಕದ ಕೋಟೆಗೆ ಮುತ್ತಿಗೆ ಹಾಕಿದವಳು ಆಕೆ. ಶಾಸನಗಳು ದಾನ ಹೇಳುತ್ತವೆ, ಯುದ್ಧ ಹೇಳುತ್ತವೆ, ಮನಸ್ಸನ್ನು ಹೇಳುವುದಿಲ್ಲ. ಅಲ್ಲಿ ಕಾದಂಬರಿಕಾರನಿಗೆ ಜಾಗವಿದೆ. ಆದರೆ ಅವಳಿಗೊಬ್ಬ ಚೆಲುವ ನಾಯಕನನ್ನು ಸೃಷ್ಟಿಸಿ, ಕತ್ತಿಯನ್ನೂ ಅವನ ಕೈಗೇ ದಾಟಿಸಿದರೆ ನಾನಂತೂ ಪುಸ್ತಕ ಮುಚ್ಚಿಡುತ್ತೇನೆ.

ಇನ್ನೊಂದು ಉದಾಹರಣೆ: ನರಗುಂದದ ಅರಸ ಬಾಬಾಸಾಹೇಬ ಭಾವೆ 1858ರಲ್ಲಿ ಬ್ರಿಟಿಷರ ಮೇಲೆ ದಂಗೆಯೆದ್ದು ಬೆಳಗಾವಿಯಲ್ಲಿ ನೇಣಿಗೇರಿದವನು. ನಾಟಕ, ಲಾವಣಿಗೆ ಅಷ್ಟೇ ಸಾಕು. ಪ್ರೇಮಕಾದಂಬರಿಗೆ ಸಾಲದು. ಅವನ ಬಳಿ ಸಂಸ್ಕೃತ ಗ್ರಂಥಗಳ ದೊಡ್ಡ ಭಂಡಾರವಿತ್ತು. ವಾರಸುದಾರನಿರಲಿಲ್ಲ, ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ. ಆ ಸುದ್ದಿ ಬಂದ ರಾತ್ರಿ ಪುಸ್ತಕಗಳ ನಡುವೆ ಕೂತ ಗಂಡಹೆಂಡಿರು ಏನು ಮಾತಾಡಿಕೊಂಡರು? ಕೋಟೆಯ ಗುಪ್ತದ್ವಾರದಲ್ಲಿ ಬೆಳದಿಂಗಳ ಭೇಟಿ ಬರೆಯುವುದು ಸುಲಭ. ಗಂಡಹೆಂಡಿರ ಆ ಮಾತುಕತೆ ಬರೆದವರ ಕಾದಂಬರಿಯನ್ನು ಎರಡು ಸಲ ಓದಬೇಕು, ಆಮೇಲೆ ವಿಮರ್ಶೆಗೆ ಕೂರಬೇಕು.