ಹಳೆಯ ಡಾಲ್ಫಿನ್ ಮನೆಗೆ ಬಂದ ದಾರಿ



ಬೆಂಗಳೂರಿನ ಸಿಪಾನಿ ಕಂಪನಿಯು 1982ರಲ್ಲಿ ಡಾಲ್ಫಿನ್ ಎಂಬ ಪುಟ್ಟ ಕಾರನ್ನು ಹೊರತಂದಿತು. ಬ್ರಿಟನ್ನಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿ.ಸಿ. ಎಂಜಿನ್, ಹಗುರವಾದ ಫೈಬರ್‌ಗ್ಲಾಸ್ ಮೈ. ಅದರಿಂದಲೇ ಮೋಟಾರು ಓಟದವರಿಗೆ ಅಚ್ಚುಮೆಚ್ಚಾಯಿತು. ಮನೆಮಂದಿಗೆ ಅಷ್ಟಾಗಿ ಹಿಡಿಸಲಿಲ್ಲ, ಅದು ಬೇರೆ ಮಾತು.

ಗುಬ್ಬಿಯಲ್ಲಿ ಅಂಥದೊಂದನ್ನು ಕೊಂಡು ಕುಣಿಗಲ್ಲಿನ ಮನೆಗೆ ತರಲು ಅಣ್ಣನೊಡನೆ ಹೊರಟಿದ್ದೀರಿ ಎಂದಿಟ್ಟುಕೊಳ್ಳಿ. ಬಣ್ಣಕ್ಕೆ ಮರುಳಾಗಬೇಡಿ. ಫೈಬರ್‌ಗೆ ತುಕ್ಕಿಲ್ಲ, ಅಡಿಯ ಉಕ್ಕಿನ ಛಾಸಿಗೆ ಉಂಟು. ಕುದುರೆ ಕೊಳ್ಳುವವರು ಹಲ್ಲು ನೋಡುವಂತೆ, ಬಗ್ಗಿ ಕಾರಿನ ಅಡಿಯನ್ನು ನೋಡಿ. ದೀಪ ಮಂಕಾಗಿದೆಯೇ? ಲೋಹದ ಕಾರಿನಲ್ಲಿ ವಿದ್ಯುತ್ತು ಮೈಯ ಮೂಲಕವೇ ಬ್ಯಾಟರಿಗೆ ಮರಳುತ್ತದೆ. ಫೈಬರ್ ವಿದ್ಯುತ್ತನ್ನು ಹರಿಯಗೊಡದು. ದೀಪಗಳಿಗೆ ಬೇರೆ ಅರ್ತ್ ತಂತಿ ಬೇಕು. ಅದರ ತುದಿಗಳನ್ನು ಉಜ್ಜಿ ಬಿಗಿ ಮಾಡಿಸಿ.

ನೋಂದಣಿಗೆ 15 ವರ್ಷ ತುಂಬಿದ ಮೇಲೆ ನವೀಕರಣವಾಗಿದೆಯೇ? ವಿಮೆ ಇದೆಯೇ? ವಿಮೆಯಿಲ್ಲದೆ ದಾರಿಯಲ್ಲಿ ಯಾರಿಗಾದರೂ ತಗುಲಿದರೆ, ಪರಿಹಾರ ಕಟ್ಟಲು ಅಪ್ಪನ ತೋಟವೇ ಹೋದೀತು. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ ಗುಬ್ಬಿಯಲ್ಲೇ ಆಗಲಿ.

ತುಮಕೂರಿನಲ್ಲಿ ನಿಲ್ಲಿಸಿ, ಎಂಜಿನ್ ಆರಿದ ಮೇಲೆ ರೇಡಿಯೇಟರಿನ ನೀರು ನೋಡಿ; ಅಲ್ಯೂಮಿನಿಯಂ ಎಂಜಿನ್ ಅತಿ ಕಾವು ತಾಳದು. ಹೆಬ್ಬೂರು ದಾಟುವ ಹೊತ್ತಿಗೆ ಕತ್ತಲಾದರೆ, ಆ ಅರ್ತ್ ತಂತಿ ನೆನಪಾಗುತ್ತದೆ.