ಶಹಾಬಾದ್ ಚಪ್ಪಡಿಯೊಳಗಿನ ಕಡಲು



ಯಶವಂತಪುರ, ಆರ್.ಟಿ. ನಗರದ ಹಳೆಯ ಮನೆಗಳಲ್ಲಿ ಬೂದುಬಣ್ಣದ ಶಹಾಬಾದ್ ಚಪ್ಪಡಿಯ ನೆಲ ಅಪರೂಪವಲ್ಲ. ಬೇಸಿಗೆಯಲ್ಲಿ ಅದರ ಮೇಲೆ ಚಾಪೆ ಹಾಸಿ ಮಲಗಿದವರಿಗೆ ಅದರ ತಂಪು ಗೊತ್ತು. ಆದರೆ ಆ ಕಲ್ಲು ಒಂದು ಕಾಲಕ್ಕೆ ಕಡಲತಳದ ಕೆಸರಾಗಿತ್ತು ಎಂಬುದು ಹೊಳೆಯುವುದು ಕಡಿಮೆ.

ಬೆಂಗಳೂರಿನ ಉತ್ತರ ಭಾಗದಲ್ಲಿ ಈ ಕಲ್ಲು ಸಿಗುವುದಿಲ್ಲ. ಯಲಹಂಕ, ಹೆಬ್ಬಾಳಗಳ ನೆಲದಡಿ ಇರುವುದು ಮುಖ್ಯವಾಗಿ ನೈಸ್ ಶಿಲೆ. 1975ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದ ಲಾಲ್‌ಬಾಗಿನ ಬಂಡೆಯೂ ಅದೇ ಜಾತಿಯದು. ವಯಸ್ಸು ಸುಮಾರು 300 ಕೋಟಿ ವರ್ಷ. ಭೂಗರ್ಭದ ಬಿಸಿ, ಒತ್ತಡಗಳಲ್ಲಿ ಬೆಂದ ಈ ಕಲ್ಲಿನಲ್ಲಿ ಪಳೆಯುಳಿಕೆ ಹುಡುಕುವುದು ವ್ಯರ್ಥ. ಅದಕ್ಕೆ ಕೆಸರು ಪದರಪದರವಾಗಿ ಕೂತ ನಾಡಿಗೆ, ಅಂದರೆ ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆಯ ಸುಣ್ಣಕಲ್ಲಿನ ಗಣಿಗಳಿಗೆ ಹೋಗಬೇಕು.

ಅಲ್ಲಿಯೂ ತಳದಲ್ಲಿರುವುದು ಬೆಂಗಳೂರಿನ ಬಂಡೆಯ ಬಂಧುಗಳಾದ ನೈಸ್ ಮತ್ತು ಗ್ರಾನೈಟ್‌ಗಳೇ. ಅದರ ಮೇಲೆ ಉರುಟುಕಲ್ಲು, ಮರಳುಗಲ್ಲು. ಆಮೇಲೆ ಸುಣ್ಣಕಲ್ಲು, ಜೇಡಿಗಲ್ಲು. ರಾಬರ್ಟ್ ಬ್ರೂಸ್ ಫೂಟ್ 1876ರಷ್ಟು ಹಿಂದೆಯೇ ಉತ್ತರ ಕರ್ನಾಟಕದ ಶಿಲೆಗಳ ವಿವರವಾದ ವರದಿ ಪ್ರಕಟಿಸಿದ್ದರು.

ಗಣಿಯ ಗೋಡೆಯನ್ನು ಓದುವುದು ಬುಡದಿಂದ. ಟೇಪು ಹಿಡಿದು ಒಂದೊಂದು ಪದರದ ದಪ್ಪ, ಬಣ್ಣ, ಕಣಗಳ ಗಾತ್ರವನ್ನು ಬರೆದುಕೊಳ್ಳುತ್ತಾರೆ. ತೆಳುವಾದ ಹೈಡ್ರೋಕ್ಲೋರಿಕ್ ಆಮ್ಲದ ಹನಿಗೆ ಕಲ್ಲು ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ ಎಂದು ಅರ್ಥ. ಪದರ ಯಾವ ದಿಕ್ಕಿಗೆ, ಎಷ್ಟು ವಾಲಿದೆ ಎಂದು ದಿಕ್ಸೂಚಿಯಿಂದ ಅಳೆಯುತ್ತಾರೆ. ಒಡೆದ ತುಣುಕಿಗೆ ಸಂಖ್ಯೆ ಕೊಟ್ಟು, ಅದು ಯಾವ ಪದರದ್ದೆಂದು ಪುಸ್ತಕದಲ್ಲಿ ಗುರುತಿಸುತ್ತಾರೆ.

ಇಲ್ಲಿ ಶಂಖ, ಮೀನು ಸಿಗುವುದಿಲ್ಲ. ಈ ಕೆಸರು ಕೂತದ್ದು ಚಿಪ್ಪಿನ ಪ್ರಾಣಿಗಳು ಹುಟ್ಟುವ ಮೊದಲು. ಆದರೆ ಭೀಮಾ ಶಿಲಾಸಮೂಹದ ಜೇಡಿಗಲ್ಲಿನಲ್ಲಿ ಚುವಾರಿಯಾ ಎಂಬ, ಕೆಲವೇ ಮಿಲಿಮೀಟರ್ ಅಗಲದ ದುಂಡನೆಯ ಕಪ್ಪು ಗುರುತುಗಳು ದೊರೆತಿವೆ. ಅಮೆರಿಕದ ಗ್ರಾಂಡ್ ಕ್ಯಾನ್ಯನ್‌ನಲ್ಲಿ ಸಿಕ್ಕ ಇಂಥವನ್ನೇ 1899ರಲ್ಲಿ ವರ್ಣಿಸಿದ ವಾಲ್ಕಾಟ್, ಚಿಪ್ಪೆಂದು ಭಾವಿಸಿದ್ದರು. ಪಾಚಿಯಂಥ ಜೀವಿಯ ಉಳಿಕೆ ಎಂಬ ಅಭಿಪ್ರಾಯ ಬಲಗೊಂಡದ್ದು ಅನಂತರ. ಬಾಗಲಕೋಟೆ ಕಡೆಯ ಕಲಾದಗಿ ಶಿಲೆಗಳಲ್ಲಿ ಸೂಕ್ಷ್ಮಜೀವಿಗಳು ಪದರಗಟ್ಟಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅವುಗಳ ಗುಮ್ಮಟ ಸಾಮಾನ್ಯವಾಗಿ ಮೇಲ್ಮುಖ. ಆದ್ದರಿಂದ ಮಡಿಚಿ ತಲೆಕೆಳಗಾದ ಪದರದಲ್ಲೂ ಮೇಲು ಯಾವುದು, ಕೆಳಗು ಯಾವುದು ಎಂದು ಅವು ಹೇಳಬಲ್ಲವು.

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ, ಇಂದಿನ ಮಳಖೇಡ. ಅಲ್ಲಿನ ಕೋಟೆಗೆ ಒದಗಿದ ಕಲ್ಲೇ ಇಂದು ಸಿಮೆಂಟಿಗೂ ಒದಗುತ್ತಿದೆ. ಗಣಿಯಿಲ್ಲದಿದ್ದರೆ ಈ ಪದರಗಳು ಕಪ್ಪುಮಣ್ಣಿನಡಿ ಕಾಣದೆಯೇ ಉಳಿಯುತ್ತಿದ್ದವು. ಗಣಿ ಮುಂದೆ ಸರಿದಂತೆ, ಕಂಡ ಪದರ ಕುಲುಮೆಗೆ ಹೋಗುತ್ತದೆ. ತೋರಿಸುವ ಕೈಯೇ ಅಳಿಸುವ ಕೈಯೂ ಹೌದು. ಎಲ್ಲಿಯದೆಂದು ತಿಳಿಯದ ಪಳೆಯುಳಿಕೆ ಕಪಾಟಿನ ಅಲಂಕಾರವಾದೀತೇ ಹೊರತು ಸಾಕ್ಷಿಯಾಗದು. ಗೋಡೆ ಉರುಳುವ ಮುನ್ನ ಬರೆದಿಟ್ಟ ಟಿಪ್ಪಣಿಯೇ ಆ ಕಡಲಿನ ಕೊನೆಯ ದಾಖಲೆ.