ಕುದಿಸಿದರೂ ಹೋಗದ ವಿಷ

(ನಮ್ಮ ಕೂಟದ ರಾಜ್ಯೋತ್ಸವದಲ್ಲಿ ಆಡಿದ ಮಾತುಗಳ ಬರಹರೂಪ)

ಷಿಕಾಗೋದವರೂ ಡೆಟ್ರಾಯಿಟ್ ಕಡೆಯವರೂ ಇವತ್ತು ಒಂದೇ ಕಡೆ ಸೇರಿದ್ದೀವಿ. ಊಟಕ್ಕೆ ತಡ ಮಾಡೋದಿಲ್ಲ. ಆ ಊಟಕ್ಕೆ ಬಳಸುವ ನೀರಿನ ಬಗ್ಗೆಯೇ ನಾಲ್ಕು ಮಾತು ಹೇಳ್ತೀನಿ.

ನೀರು ಕುದಿಸಿ ಕುಡಿಯಬೇಕು ಅಂತ ಊರಲ್ಲಿ ಅಮ್ಮಂದಿರು ಕಲಿಸಿದರು. ಟೈಫಾಯಿಡ್, ಕಾಲರಾಕ್ಕೆ ಅದು ಸರಿ, ಕ್ರಿಮಿ ಸಾಯುತ್ತೆ. ಆದರೆ ಇಲ್ಲಿನ ಹಳೇ ಮನೆಗಳ ನೀರಿನಲ್ಲಿ ಇರಬಹುದಾದದ್ದು ಸೀಸ. ಅದು ಲೋಹ. ಕುದಿಸಿದರೆ ನೀರು ಆವಿಯಾಗುತ್ತೆ, ಸೀಸ ಪಾತ್ರೆಯಲ್ಲೇ ಉಳಿಯುತ್ತೆ.

ಡೆಟ್ರಾಯಿಟ್‌ನಿಂದ ಗಂಟೆ ಚಿಲ್ಲರೆ ದಾರಿಯ ಫ್ಲಿಂಟ್ ನಿಮಗೆ ಗೊತ್ತು. 2014ರ ಏಪ್ರಿಲ್‌ನಲ್ಲಿ ಖರ್ಚು ಉಳಿಸಲು ಅಲ್ಲಿ ಡೆಟ್ರಾಯಿಟ್ ನೀರು ಬಿಟ್ಟು ಫ್ಲಿಂಟ್ ನದಿ ನೀರು ಕೊಟ್ಟರು. ಪೈಪು ಸವೆಯದಂತೆ ಹಾಕಬೇಕಾದ ಫಾಸ್ಫೇಟ್ ಹಾಕಲಿಲ್ಲ. ಸೀಸದ ಪೈಪುಗಳು ಕರಗಿ ನೀರಿಗೆ ಸೇರಿದವು. ಎಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿವೆ ಅಂತ ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್ ಕಾರ್ಖಾನೆ ಆ ನೀರು ಬೇಡ ಎಂದಿತು. ಜನ ಮಾತ್ರ ಇನ್ನೂ ಒಂದು ವರ್ಷ ಅದನ್ನೇ ಕುಡಿದರು. 2015ರಲ್ಲಿ ಮಕ್ಕಳ ವೈದ್ಯೆ ಡಾ. ಮೋನಾ ಹನ್ನಾ-ಅಟೀಶಾ ಮಕ್ಕಳ ರಕ್ತದಲ್ಲಿ ಸೀಸ ಏರಿದ್ದನ್ನು ಲೆಕ್ಕಸಮೇತ ತೋರಿಸಿದ ಮೇಲೆ ಹಳೇ ನೀರು ವಾಪಸ್ ಬಂತು.

ಷಿಕಾಗೋದವರೂ ನಿಶ್ಚಿಂತೆಯಿಂದ ಇರೋ ಹಾಗಿಲ್ಲ. ಬೀದಿಯಿಂದ ಮನೆಗೆ ಬರುವ ಸೀಸದ ಪೈಪುಗಳು ಅಲ್ಲಿ ಸುಮಾರು 4 ಲಕ್ಷ, ದೇಶದಲ್ಲೇ ಹೆಚ್ಚು. 1986ರ ತನಕ ಸೀಸದ ಪೈಪೇ ಹಾಕಬೇಕೆಂಬ ನಿಯಮ ಅಲ್ಲಿತ್ತು. ನಾವು ಬಾಡಿಗೆಗೆ ಹಿಡಿಯುವ ಹಳೇ ಎರಡು ಮಹಡಿ ಮನೆಗಳಲ್ಲೇ ಇಂಥ ಪೈಪು ಹೆಚ್ಚು.

ಸೀಸ ಮಕ್ಕಳ ಮೆದುಳಿಗೆ ಪೆಟ್ಟು ಕೊಡುತ್ತೆ. ಕಲಿಕೆ, ಗಮನ ಕುಗ್ಗುತ್ತೆ. ದೊಡ್ಡವರಿಗೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನುವ ಪ್ರಮಾಣವೇ ಮಕ್ಕಳಿಗೆ ಇಲ್ಲ.

ನನ್ನದೇ ತಪ್ಪು ಹೇಳ್ತೀನಿ. ಶಿಫ್ಟಿಗೆ ತಡ ಆಗುತ್ತೆ ಅಂತ ಬಿಸಿನೀರಿನ ನಲ್ಲಿಯಿಂದಲೇ ಹಿಡಿದು ಅನ್ನಕ್ಕಿಡ್ತಿದ್ದೆ. ಮಗುವಿನ ಪುಡಿಹಾಲೂ ಅದರಲ್ಲೇ ಕಲಸಿದ್ದೆ. ಬಿಸಿನೀರು ಸೀಸವನ್ನು ಹೆಚ್ಚು ಕರಗಿಸುತ್ತೆ ಅಂತ ಆಮೇಲೆ ತಿಳಿಯಿತು. ಮಗುವಿನ ರಕ್ತಪರೀಕ್ಷೆಯ ಫಲಿತಾಂಶ ಬರೋವರೆಗೆ ನಮ್ಮಿಬ್ಬರಿಗೂ ನಿದ್ದೆ ಇರಲಿಲ್ಲ. ಸದ್ಯ, ಹೆಚ್ಚಿರಲಿಲ್ಲ.

ಹಾಗಾಗಿ ದಯವಿಟ್ಟು ಇಷ್ಟು ಮಾಡಿ. ಅಡುಗೆಗೆ, ಕುಡಿಯಲು ತಣ್ಣೀರಿನ ನಲ್ಲಿಯನ್ನೇ ಬಳಸಿ. ಬೆಳಿಗ್ಗೆ ಐದು ನಿಮಿಷ ನೀರು ಹರಿಯಲು ಬಿಡಿ. ಮೊದಲು ಸ್ನಾನ ಮುಗಿಸಿದರೆ ಆ ನೀರು ದಂಡವಾಗೋದಿಲ್ಲ. ಫಿಲ್ಟರ್ ಕೊಳ್ಳುವಾಗ ಡಬ್ಬಿ ಮೇಲೆ ‘ಎನ್‌ಎಸ್‌ಎಫ್ 53’ ಎಂದೂ, ಸೀಸ ತೆಗೆಯುತ್ತದೆ ಎಂದೂ ಇದೆಯಾ ನೋಡಿ; ಹೇಳಿದ ಅವಧಿಗೆ ಕಾರ್ಟ್ರಿಡ್ಜ್ ಬದಲಿಸಿ. ನೆಲಮಾಳಿಗೆಯಲ್ಲಿ ಪೈಪು ಒಳಬರುವ ಕಡೆ ನಾಣ್ಯದಿಂದ ಮೆಲ್ಲಗೆ ಕೆರೆಯಿರಿ: ಮೆತ್ತಗಿದ್ದು, ಬೆಳ್ಳಿಯ ಹಾಗೆ ಹೊಳೆದು, ಅಯಸ್ಕಾಂತ ಅಂಟದಿದ್ದರೆ ಅದು ಸೀಸ. ಷಿಕಾಗೋದಲ್ಲಿ 311ಕ್ಕೆ ಫೋನ್ ಮಾಡಿ ನೀರಿನ ಉಚಿತ ಪರೀಕ್ಷೆ ಕೇಳಿ. ಒಂದು, ಎರಡು ವರ್ಷದ ಮಕ್ಕಳಿಗೆ ರಕ್ತಪರೀಕ್ಷೆ ಮಾಡಿಸಿ.

ಇವೆಲ್ಲ ತಾತ್ಕಾಲಿಕ. ಪೈಪು ಅಗೆದು ಬದಲಿಸುವುದೇ ಶಾಶ್ವತ ಪರಿಹಾರ. ಅದಕ್ಕೆ ಮನೆ ಮಾಲೀಕರನ್ನು, ನಗರಸಭೆಯವರನ್ನು ಕೇಳಲೇಬೇಕು. ಬಾಡಿಗೆಯವರು, ಹೊರಗಿನವರು ಅಂತ ಹಿಂಜರಿಯಬೇಡಿ. ಇಂಗ್ಲಿಷಿನಲ್ಲಿ ಮಾತಾಡಲು ಕಷ್ಟವಾದರೆ ಕೂಟದವರನ್ನು ಕರೀರಿ, ಜೊತೆಗೆ ಬರ್ತೀವಿ.